ಇಳಿಯುವ ಲೆಕ್ಕ ಮೊದಲು: ಮಲೆನಾಡಿನ ಬೆಟ್ಟಗಳಿಗೆ ಸೈಕಲ್ಲಿನಲ್ಲಿ ಮತ್ತು ಕಾಲ್ನಡಿಗೆಯಲ್ಲಿ

ಹಿಮಾಲಯಕ್ಕೆ ಹೋಲಿಸಿದರೆ ಮಲೆನಾಡಿನ ಬೆಟ್ಟಗಳು ಎತ್ತರದವೇನಲ್ಲ. ರಾಜ್ಯದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ಕುದುರೆಮುಖ 1,890ರ ಆಸುಪಾಸು, ನಮ್ಮ ಕೊಡಚಾದ್ರಿ 1,343 ಮೀಟರ್. ತೆಳುಗಾಳಿಯಿಂದ ತಲೆನೋವು, ವಾಕರಿಕೆ ಶುರುವಾಗುವುದು ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ. ಆ ಭಯ ಇಲ್ಲಿಲ್ಲ. ಇಲ್ಲಿ ಸೋಲಿಸುವುದು ಪಾಚಿಗಟ್ಟಿದ ಕಲ್ಲು, ನೋಡನೋಡುತ್ತ ದಾರಿಯನ್ನು ನುಂಗುವ ಮಂಜು, ಸೂರ್ಯ ಮುಳುಗುವ ಮೊದಲೇ ಕತ್ತಲಾಗುವ ಕಾನು ಎಂಬ ದಟ್ಟ ಕಾಡು ಮತ್ತು ನೆನೆದ ಬ್ರೇಕು. ಹತ್ತುವಾಗ ಸುಮ್ಮನಿರುವ ಇವೆಲ್ಲ ಇಳಿಯುವಾಗ ಒಟ್ಟಾಗಿ ಎದುರು ನಿಲ್ಲುತ್ತವೆ. ಆದ್ದರಿಂದ ಯೋಜನೆಯನ್ನು ಇಳಿಯುವ ಕಡೆಯಿಂದಲೇ ಹಾಕಬೇಕು.

ಕಾಲದ ವಿಚಾರ ಸರಳ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಸಬರು ಬರದಿರುವುದೇ ಮೇಲು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಅದರ ಬಹುಪಾಲು ಈ ತಿಂಗಳುಗಳಲ್ಲೇ. ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದ ಅರಣ್ಯ ಇಲಾಖೆ ಹಲವು ಚಾರಣ ದಾರಿಗಳನ್ನು ಮುಚ್ಚುವುದುಂಟು. ಕುದುರೆಮುಖದಂಥ ಕಡೆ ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದ್ದು, ಮುಂಗಡವಾಗಿ ಆನ್‌ಲೈನ್‌ನಲ್ಲಿ ಅನುಮತಿ ಪಡೆಯಬೇಕು. ಹೊರಡುವ ವಾರ ವಿಚಾರಿಸದೆ, ಹೋದ ವರ್ಷದ ಮಾಹಿತಿ ನಂಬಿಕೊಂಡು ಬಂದವರು ತನಿಖಾ ಠಾಣೆಯಿಂದಲೇ ಹಿಂದಿರುಗುವುದನ್ನು ಪ್ರತಿ ಹಂಗಾಮಿನಲ್ಲೂ ನೋಡುತ್ತೇನೆ.

ಈಗ ಸಮಯದ ಲೆಕ್ಕ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಸೂತ್ರವೊಂದಿದೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಎಂಟು ಕಿಲೋಮೀಟರ್ ದೂರ ಮತ್ತು 600 ಮೀಟರ್ ಏರು ಇರುವ ದಾರಿಗೆ ಇದರ ಪ್ರಕಾರ ಎರಡು ಗಂಟೆ ಮೂವತ್ತಾರು ನಿಮಿಷ ಸಾಕು. ಆದರೆ ನೈಸ್ಮಿತ್ ನಮ್ಮ ಬೇರು ತುಂಬಿದ ಕಾಲುದಾರಿಗಳಲ್ಲಿ ನಡೆದವರಲ್ಲ; ನಾನು ಅದನ್ನು ಒಂದೂವರೆ ಪಟ್ಟು ಮಾಡಿ ನಾಲ್ಕು ಗಂಟೆ ಎಂದು ಹಿಡಿಯುತ್ತೇನೆ, ಇಳಿಯುವುದಕ್ಕೂ ಅಷ್ಟೇ ಹೊತ್ತು ಮೀಸಲಿಡುತ್ತೇನೆ. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಆರರ ಸುಮಾರಿಗೆ, ಕಾಡಿನೊಳಗೆ ಬೆಳಕು ಹೋಗುವುದು ಅದಕ್ಕೂ ಮೊದಲೇ. ಐದಕ್ಕೆ ಬುಡದಲ್ಲಿರಬೇಕೆಂದರೆ ಒಂದಕ್ಕೆ ನೆತ್ತಿಯನ್ನು ಬಿಡಬೇಕು. ಮೇಲೆ ಒಂದು ಗಂಟೆ ಕೂರಬೇಕೆಂದರೆ ಬೆಳಿಗ್ಗೆ ಎಂಟಕ್ಕೆ ಹತ್ತಲು ಆರಂಭಿಸಿರಬೇಕು. ಒಂದು ಗಂಟೆಯಾದಾಗ ಎಲ್ಲಿದ್ದರೂ, ತುದಿ ಕಣ್ಣೆದುರೇ ಇದ್ದರೂ ತಿರುಗಬೇಕು. ಬಲವಾದ ತಲೆದೀಪ ಕೈಚೀಲದಲ್ಲಿರಲಿ, ಆದರೆ ಅದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಬೇಡಿ.

ಅಭ್ಯಾಸಕ್ಕೆ ಕುಂದಾದ್ರಿಯಷ್ಟು ಅನುಕೂಲವಾದ ಬೆಟ್ಟ ಇನ್ನೊಂದಿಲ್ಲ. ತೀರ್ಥಹಳ್ಳಿಯಿಂದ ಆಗುಂಬೆಯ ಕಡೆ ಹೋಗುವಾಗ ಗುಡ್ಡೇಕೇರಿಯ ಬಳಿ ತಿರುಗಿದರೆ ಮೇಲಿನ ಜೈನ ಬಸದಿಯ ಹತ್ತಿರದವರೆಗೂ ಡಾಂಬರು ರಸ್ತೆಯಿದೆ. ದೂರ ಕಡಿಮೆ, ಏರು ಮಾತ್ರ ನಿರ್ದಯಿ. ಅಲ್ಲಿ ಎರಡು ಬಾರಿ ನಿಲ್ಲದೆ ಹತ್ತಿ, ಬ್ರೇಕು ಕಾಯಿಸದೆ ಇಳಿದವರು ಬೇರೆ ಬೆಟ್ಟಗಳ ಯೋಚನೆ ಮಾಡಬಹುದು. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳು ಸೈಕಲ್ಲಿನವರಿಗೆ ಆಸೆ ಹುಟ್ಟಿಸುತ್ತವೆ ನಿಜ. ಆದರೆ ರಸ್ತೆ ಕಿರಿದು, ವಾಹನ ಹೆಚ್ಚು. ಬೆಳಗಿನ ಜಾವ ಬಿಟ್ಟರೆ ಅಲ್ಲಿ ಸುಖವಿಲ್ಲ.

ಸೈಕಲ್ ದುಬಾರಿಯದೇ ಆಗಬೇಕಿಲ್ಲ, ಗೇರು ಮಾತ್ರ ಸರಿಯಿರಬೇಕು. ಪೆಡಲಿನ ಬಳಿಯ ಹಲ್ಲುಚಕ್ರಕ್ಕೆ 32 ಹಲ್ಲು, ಹಿಂದಿನ ಹಲ್ಲುಚಕ್ರಗಳಲ್ಲಿ ದೊಡ್ಡದಕ್ಕೆ 42 ಹಲ್ಲು ಇದ್ದರೆ ಪೆಡಲು ಒಂದು ಸುತ್ತು ತಿರುಗಿದಾಗ ಸೈಕಲ್ ಮುಂದೆ ಹೋಗುವುದು ಸುಮಾರು 1.7 ಮೀಟರ್ ಮಾತ್ರ. ಬಯಲಿನಲ್ಲಿ ನಗೆಪಾಟಲಾಗುವ ಈ ಗೇರೇ ಏರಿನಲ್ಲಿ ಮಂಡಿಯನ್ನು ಕಾಯುತ್ತದೆ. ಏರು ಬಂದ ಮೇಲೆ ಗೇರು ಬದಲಿಸಿದರೆ ಭಾರ ಬಿದ್ದ ಚೈನು ಕಿರುಗುಟ್ಟಿ ಜಾರುತ್ತದೆ. ತಿರುವಿಗೆ ಮುಂಚೆಯೇ ಬದಲಿಸಿಕೊಳ್ಳಬೇಕು.

ಬ್ರೇಕಿನ ಪಾಠ ನನಗೆ ಸಿಕ್ಕಿದ್ದು ಒಂದು ಅಕ್ಟೋಬರಿನಲ್ಲಿ, ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಕಡೆಯ ಇಳಿಜಾರಿನಲ್ಲಿ. ಹಿಂದಿನ ರಾತ್ರಿ ಮಳೆಯಾಗಿತ್ತು. ರಬ್ಬರಿನ ಪ್ಯಾಡು ರಿಮ್ಮನ್ನು ಹಿಡಿಯುವ ಹಳೆಯ ಬಗೆಯ ಬ್ರೇಕು. ಜಂಬಿಟ್ಟಿಗೆಯ ಕೆಂಪು ರಾಡಿ ನಡುವೆ ಸೇರಿ, ಸಾಣೆಕಲ್ಲಿನಂತೆ ಉಜ್ಜಿ, ಹೊರಡುವಾಗ ಅರ್ಧ ಉಳಿದಿದ್ದ ಪ್ಯಾಡು ಕೆಳಗೆ ಬರುವಷ್ಟರಲ್ಲಿ ಲೋಹ ಕಾಣುವಷ್ಟು ಸವೆದಿತ್ತು. ಲಿವರು ಹ್ಯಾಂಡಲ್ಲಿಗೆ ತಾಗಿದರೂ ಸೈಕಲ್ ನಿಲ್ಲಲಿಲ್ಲ; ಪಕ್ಕದ ದರೆಗೆ ಒರಗಿಸಿ ನಿಲ್ಲಿಸಿಕೊಂಡೆ, ಮೊಣಕೈ ತರಚಿತು, ಉಳಿದ ದಾರಿಯನ್ನು ತಳ್ಳಿಕೊಂಡು ನಡೆದೆ. ಅಂದಿನಿಂದ ಒಂದು ಜೊತೆ ಪ್ಯಾಡು ಯಾವಾಗಲೂ ಜೊತೆಗಿರುತ್ತದೆ. ಇಳಿಯುವಾಗ ಬ್ರೇಕನ್ನು ಒತ್ತಿ ಹಿಡಿದೇ ಇರಬಾರದು: ನೇರ ದಾರಿಯಲ್ಲಿ ಗಟ್ಟಿಯಾಗಿ ಹಿಡಿದು ವೇಗ ತಗ್ಗಿಸಿ, ಬಿಟ್ಟು, ಮತ್ತೆ ಹಿಡಿಯಬೇಕು. ತಿರುವಿನೊಳಗೆ ಹೋದ ಮೇಲೆ ಮುಂದಿನ ಬ್ರೇಕು ಹಿಡಿಯುವುದು ಬೀಳುವುದಕ್ಕೆ ಸುಲಭದ ದಾರಿ. ಟೈರಿನ ಗಾಳಿಯನ್ನು ತುಸು ಇಳಿಸಿದರೆ ಒದ್ದೆ ರಸ್ತೆಯಲ್ಲಿ ಹಿಡಿತ ಹೆಚ್ಚುತ್ತದೆ.

ಕೊಡಚಾದ್ರಿಗೆ ನನ್ನ ಸಲಹೆ ಎರಡು ದಿನ. ಮೊದಲ ದಿನ ಹೊಸನಗರದಿಂದ ನಗರಕ್ಕೆ ಬಂದು, ಕೆಳದಿಯ ಅರಸರ ರಾಜಧಾನಿಯಾಗಿದ್ದು 1763ರಲ್ಲಿ ಹೈದರಾಲಿಯ ವಶವಾದ ಆ ಕೋಟೆಯಲ್ಲಿ ಕಾಲು ಚಾಚಿ, ಸಂಜೆಯೊಳಗೆ ನಿಟ್ಟೂರು ಸೇರುವುದು. ಮರುದಿನ ಸೈಕಲ್ಲನ್ನು ಕೆಳಗೇ ಬಿಡುವುದು. ಜೀಪುಗಳು ಹತ್ತುವ ದಾರಿಯಲ್ಲಿ ಸೈಕಲ್ ಏರಿಸುತ್ತೇನೆಂಬ ಹಟ ಬೇಡ. ಅದು ರಸ್ತೆಯಲ್ಲ, ಉರುಳಿ ನಿಂತ ಬಂಡೆಗಳ ಸಾಲು, ಮೇಲಾಗಿ ಪ್ರದೇಶ ಮೂಕಾಂಬಿಕಾ ವನ್ಯಜೀವಿಧಾಮಕ್ಕೆ ಸೇರಿದ್ದು. ಯಾವುದಾದರೂ ಮನೆಯವರನ್ನು ಕೇಳಿದರೆ ಕೊಟ್ಟಿಗೆಯಲ್ಲಿ ಜಾಗ ಕೊಡುತ್ತಾರೆ. ಒಳಗೆ ಹೋಗುವಾಗ ಸರಿಸಿದ ದಣಪೆಯನ್ನು (ಬೇಲಿಬಾಗಿಲಿನ ಅಡ್ಡಗಳುವನ್ನು) ಮತ್ತೆ ಎಳೆಯಲು ಮರೆಯಬಾರದು, ಇಲ್ಲದಿದ್ದರೆ ದನ ತೋಟಕ್ಕೆ ನುಗ್ಗುತ್ತವೆ. ಮೂಲ ಮೂಕಾಂಬಿಕೆಯ ಗುಡಿಯಿಂದ ಸರ್ವಜ್ಞಪೀಠದ ಕಲ್ಲುಮಂಟಪದವರೆಗಿನ ಕಡೆಯ ಏರು ಬಯಲು ಹುಲ್ಲುಗಾವಲಿನದು. ಪಡುವಣದಿಂದ ಕಪ್ಪು ಮೋಡ ಏರುತ್ತಿದ್ದರೆ, ಗುಡುಗು ಕೇಳಿದರೆ, ಆ ಬೋಳು ನೆತ್ತಿಯಲ್ಲಿ ನಿಲ್ಲದೆ ಕೂಡಲೇ ಕೆಳಗಿಳಿಯಬೇಕು. ಮಂಜು ಕವಿದರೆ ಮಾತ್ರ ತದ್ವಿರುದ್ಧ: ದಾರಿ ಹುಡುಕುತ್ತ ಅಲೆಯದೆ, ತೆರವಾಗುವವರೆಗೆ ಇದ್ದಲ್ಲೇ ಕೂರಬೇಕು.

ಉಂಬಳಕ್ಕೆ, ಅಂದರೆ ಜಿಗಣೆಗೆ, ಹೆದರಬೇಕಾಗಿಲ್ಲ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಕಾಲುಚೀಲಕ್ಕೆ ಹೊಗೆಸೊಪ್ಪಿನ ನೀರು ಅಥವಾ ಉಪ್ಪುನೀರು ಹಚ್ಚಿದರೆ ಅರ್ಧ ಕೆಲಸ ಮುಗಿಯಿತು. ಕಚ್ಚಿದ್ದನ್ನು ಎಳೆಯಬೇಡಿ, ಸಣ್ಣಗಿರುವ ಬಾಯಿಯ ತುದಿಯ ಪಕ್ಕದಲ್ಲಿ ಉಗುರನ್ನು ಚರ್ಮಕ್ಕೆ ಒತ್ತಿ ಅಡ್ಡಕ್ಕೆ ಸರಿಸಿದರೆ ಹಿಡಿತ ಬಿಡುತ್ತದೆ, ಕೂಡಲೇ ಇನ್ನೊಂದು ತುದಿಯನ್ನೂ ಬಿಡಿಸಿ ದೂರಕ್ಕೆ ಚಿಮ್ಮಬೇಕು. ಅದರ ಜೊಲ್ಲು ರಕ್ತ ಹೆಪ್ಪುಗಟ್ಟುವುದನ್ನು ತಡೆಯುವುದರಿಂದ ಸ್ವಲ್ಪ ಹೊತ್ತು ಸೋರುತ್ತಲೇ ಇರುತ್ತದೆ, ತೊಳೆದು ಬಟ್ಟೆ ಒತ್ತಿದರೆ ಸಾಕು.

ನಿಜವಾಗಿ ಎಚ್ಚರ ವಹಿಸಬೇಕಾದದ್ದು ರಕ್ತ ಹೀರುವ ಉಣ್ಣೆಹುಳಗಳ ಬಗ್ಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇವುಗಳಿಂದ ಹರಡುತ್ತದೆ, ಅದರ ಹಂಗಾಮು ಡಿಸೆಂಬರಿನಿಂದ ಮೇವರೆಗೆ. ಅಂದರೆ ಚಾರಣದ ಒಳ್ಳೆಯ ಕಾಲದಲ್ಲೇ ಅದು ಶುರುವಾಗುತ್ತದೆ. ತರಗೆಲೆಯ ಮೇಲೆ ಕೂರಬಾರದು, ತೋಳು ಮುಚ್ಚುವ ಅಂಗಿ ತೊಡಬೇಕು, ಉಣ್ಣೆ ನಿವಾರಕ ತೈಲ ಹಚ್ಚಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಮರಳಿದ ಮೇಲೆ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು, ಕಂಕುಳು, ತೊಡೆಸಂದಿ, ಕಿವಿಯ ಹಿಂಭಾಗ ನೋಡಿಕೊಂಡು ಸ್ನಾನ ಮಾಡಬೇಕು. ಮೂರರಿಂದ ಎಂಟು ದಿನಗಳಲ್ಲಿ ಜೋರು ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ನೀರು ಒಬ್ಬರಿಗೆ ಮೂರು ಲೀಟರ್ ಬೇಕು. ಅಡಿಕೆ ತೋಟದ ಕೆಳಗಿನ ಹಳ್ಳದ ನೀರು ತಿಳಿಯಾಗಿ ಕಂಡರೂ ಕುಡಿಯಬಾರದು. ಕೊಳೆರೋಗಕ್ಕೆ ಹೊಡೆದ ಮೈಲುತುತ್ತದ ಔಷಧಿ ಮಳೆಯಲ್ಲಿ ತೊಳೆದು ಅಲ್ಲಿಗೇ ಬರುತ್ತದೆ. ಅವಲಕ್ಕಿ, ಬೆಲ್ಲ, ಬಾಳೆಹಣ್ಣಿದ್ದರೆ ಬೇರೆ ತಿಂಡಿ ಬೇಕಿಲ್ಲ. ಹಲವೆಡೆ ಮೊಬೈಲ್ ಸಂಪರ್ಕ ಸಿಗದ ಕಾರಣ ಯಾವ ದಾರಿ, ಎಷ್ಟು ಹೊತ್ತಿಗೆ ಮರಳುವುದು ಎಂಬುದನ್ನು ಸೈಕಲ್ ಬಿಟ್ಟ ಮನೆಯವರಿಗೇ ಹೇಳಿ ಹೋಗುವುದು ಒಳ್ಳೆಯದು. ಇಳಿದು ಬಂದವರು ಕತ್ತಲಾಗುವ ಮೊದಲು ಮತ್ತೆ ಪೆಡಲು ತುಳಿಯುವ ಆತುರ ಮಾಡದೆ ಅಂದೂ ಅಲ್ಲೇ ಉಳಿದುಕೊಳ್ಳಲಿ. ಚೈನಿನ ಕೆಂಪು ರಾಡಿಯನ್ನು ಆ ಸಂಜೆಯೇ ಒರೆಸಿ ಎಣ್ಣೆ ಬಿಡಬೇಕು. ಬೆಳಿಗ್ಗೆ ಮಾಡೋಣವೆಂದು ಬಿಟ್ಟರೆ ಮಲೆನಾಡಿನ ಥಂಡಿಗೆ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿದಿರುತ್ತದೆ.