ನಾನೇ ಕೊಟ್ಟ ಐದು ಸ್ಟಾರ್

ಮೊದಮೊದಲು ಜರ್ಮನ್ ಇತಿಹಾಸದ ಪುಸ್ತಕಗಳನ್ನು ಮಿಕ್ಸಿ ಕೊಳ್ಳುವ ಹಾಗೆ ಕೊಳ್ಳುತ್ತಿದ್ದೆ. ರೇಟಿಂಗ್ ನಾಲ್ಕರ ಮೇಲಿದ್ದರೆ ಸಾಕು, ಆರ್ಡರ್.

ಹಾಗೆ ಮನೆಗೆ ಬಂದದ್ದು ಆಲ್ಬರ್ಟ್ ಸ್ಪೀರ್‌ನ ಆತ್ಮಕಥೆ. ಹಿಟ್ಲರನ ವಾಸ್ತುಶಿಲ್ಪಿ, 1942ರಿಂದ ಯುದ್ಧಸಾಮಗ್ರಿಯ ಮಂತ್ರಿ. 20 ವರ್ಷ ಜೈಲಿನಲ್ಲಿದ್ದು 1966ರಲ್ಲಿ ಹೊರಬಂದ, 1969ರಲ್ಲಿ ಪುಸ್ತಕ ತಂದ. ಎರಡು ರಾತ್ರಿ ನಿದ್ದೆಗೆಟ್ಟು ಓದಿದೆ. 'ಎಷ್ಟು ಪ್ರಾಮಾಣಿಕ ಮನುಷ್ಯ' ಎಂದು ಬರೆದು ಐದು ಸ್ಟಾರ್ ಒತ್ತಿದೆ.

ಯೆಹೂದಿಗಳ ಕೊಲೆಯ ಬಗ್ಗೆ ತನಗೆ ಗೊತ್ತಿರಲಿಲ್ಲ, ವಿಚಾರಿಸಲೂ ಹೋಗಲಿಲ್ಲ ಅನ್ನುತ್ತಾನೆ ಈತ. ಆದರೆ 1943ರ ಅಕ್ಟೋಬರ್ 6ರಂದು ಪೋಸೆನ್ ನಗರದಲ್ಲಿ ನಾಜಿ ಎಸ್‌ಎಸ್ ಪಡೆಯ ಮುಖ್ಯಸ್ಥ ಹಿಮ್ಲರ್ ಆ ಕೊಲೆಯ ಮಾತನ್ನು ಬಾಯಿಬಿಟ್ಟು ಹೇಳಿದಾಗ ತಾನು ಅಲ್ಲೇ ಇದ್ದೆ ಎಂದು 1971ರ ಒಂದು ಖಾಸಗಿ ಪತ್ರದಲ್ಲಿ ಒಪ್ಪಿಕೊಂಡಿದ್ದ. ಪತ್ರ ಬೆಳಕಿಗೆ ಬಂದದ್ದು 2007ರಲ್ಲಿ. ಇದು ನನಗೆ ಗೊತ್ತಾದದ್ದು ಸ್ಟಾರ್ ಒತ್ತಿ ಎಷ್ಟೋ ತಿಂಗಳಾದ ಮೇಲೆ. ಕಥೆ ಚೆನ್ನಾಗಿ ಓದಿಸಿಕೊಂಡು ಹೋಯಿತು ಅಂತ ಕೊಟ್ಟ ಸ್ಟಾರ್ ಅದು. ನಿಜವೋ ಸುಳ್ಳೋ ಎಂದು ಪರೀಕ್ಷೆ ಮಾಡಲು ನನ್ನ ಹತ್ತಿರ ಏನಿತ್ತು? ಉಳಿದವರೂ ಹಾಗೇ ಒತ್ತಿರುತ್ತಾರೆ, ಅಲ್ವಾ?

ಈಗ ಮೊದಲು ಮೂರು ಸ್ಟಾರ್‌ನವರು ಬರೆದದ್ದನ್ನು ಓದುತ್ತೇನೆ. ಅವರು ಪುಸ್ತಕವನ್ನು ಪೂರ್ತಿ ಓದಿರುವ ಸಂಭವ ಜಾಸ್ತಿ. ಒಂದು ಸ್ಟಾರ್‌ನ ಅರ್ಧ ಜಗಳ ಕೊರಿಯರ್‌ನವರ ಮೇಲಿನದು: ಅಟ್ಟೆ ಮುದುಡಿತ್ತು, ಅಕ್ಷರ ಇರುವೆಯಷ್ಟು. ಆದರೆ ಒಬ್ಬರು 'ಪುಟದ ಕಾಲು ಭಾಗ ಬರೀ ಅಡಿಟಿಪ್ಪಣಿ, ಬೇಜಾರು' ಎಂದು ಬೈದಿದ್ದರು. ಅಡಿಟಿಪ್ಪಣಿ ಇದ್ದರೆ ಮಾತಿನ ಆಧಾರ ಹುಡುಕಬಹುದಲ್ಲ, ಅದನ್ನು ಅವತ್ತೇ ತರಿಸಿಕೊಂಡೆ!

1914ರ ಯುದ್ಧದ ಬಗೆಗಿನ ಪುಸ್ತಕಗಳ ರೇಟಿಂಗ್ ಕಥೆಯೇ ಬೇರೆ. ಮೊದಲ ಮಹಾಯುದ್ಧಕ್ಕೆ ಜರ್ಮನಿಯೇ ಮುಖ್ಯ ಕಾರಣ ಎಂದು ಇತಿಹಾಸಕಾರ ಫ್ರಿಟ್ಜ್ ಫಿಷರ್ 1961ರಲ್ಲಿ ಬರೆದ. ತಪ್ಪು ಎಲ್ಲರಲ್ಲೂ ಇತ್ತು ಎಂಬಂತೆ 2012ರಲ್ಲಿ ಇನ್ನೊಬ್ಬ ಇತಿಹಾಸಕಾರ ಕ್ರಿಸ್ಟೋಫರ್ ಕ್ಲಾರ್ಕ್ ಬರೆದ. ಅಲ್ಲಿ ಎಷ್ಟೋ ಜನ ಸ್ಟಾರ್ ಹಾಕುವುದು ಪುಸ್ತಕಕ್ಕಲ್ಲ, ತಮ್ಮ ಪಕ್ಷಕ್ಕೆ.

ಇಷ್ಟೆಲ್ಲ ಗೊತ್ತಿದ್ದೂ ಇನ್ನೊಮ್ಮೆ ಬಿದ್ದೆ. ಇಯಾನ್ ಕೆರ್ಶಾ ಬರೆದ ಹಿಟ್ಲರ್ ಜೀವನಚರಿತ್ರೆ 1998 ಮತ್ತು 2000ರಲ್ಲಿ ಎರಡು ದಪ್ಪ ಸಂಪುಟವಾಗಿ ಬಂದಿತ್ತು. ಅದನ್ನು ಇಳಿಸಿ ಒಂದೇ ಸಂಪುಟ ಮಾಡಿದ್ದು 2008ರಲ್ಲಿ. ನಾನು ನೋಡಿದ ಕಡೆ ಎಲ್ಲ ಆವೃತ್ತಿಯ ರಿವ್ಯೂಗಳೂ ಒಂದೇ ಮಡಕೆಯಲ್ಲಿದ್ದವು. ಟಿಪ್ಪಣಿಗಳನ್ನು ಹೊಗಳಿದ್ದನ್ನು ಓದಿ ಆರ್ಡರ್ ಮಾಡಿದೆ. ಬಂದದ್ದು ಒಂದೇ ಸಂಪುಟದ್ದು. ಪೊಟ್ಟಣ ಬಿಚ್ಚಿ ಹಿಂದಿನಿಂದ ಪುಟ ತಿರುವಿದೆ. ಆ ಟಿಪ್ಪಣಿಗಳೇ ಇರಲಿಲ್ಲ.