ಗೋಲ್ಡ್‌ಸ್ಮಿತ್ ನಾಟಕಾನ ಈಗಿನ ಪ್ರೇಕ್ಷಕರಿಗೆ ಆಡಿಸೋದು ಹೇಗೆ

ಆಲಿವರ್ ಗೋಲ್ಡ್‌ಸ್ಮಿತ್ ಬರೆದ 'ಷಿ ಸ್ಟೂಪ್ಸ್ ಟು ಕಾಂಕರ್' 1773ರ ಮಾರ್ಚ್ 15ಕ್ಕೆ ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ ಮೊದಲ ಸಲ ಸ್ಟೇಜ್ ಹತ್ತಿದ್ದು. ಇದನ್ನ ಇವತ್ತು ಆಡಿಸ್ಬೇಕು ಅನ್ನೋರು ಮೊದಲು ಮಾಡೋ ಕೆಲಸ ಏನಪ್ಪಾ ಅಂದ್ರೆ ಕೈಗೆ ಮೊಬೈಲ್ ಕೊಡೋದು, ಮನೇನ ರೆಸಾರ್ಟ್ ಮಾಡೋದು. ದಯವಿಟ್ಟು ಅಲ್ಲಿಂದ ಶುರು ಮಾಡ್ಬೇಡಿ. ಈ ನಾಟಕದಲ್ಲಿ ನಗು ಬರೋದೇ ಯಾರಿಗೆ ಏನು ಗೊತ್ತು, ಯಾರಿಗೆ ಗೊತ್ತಿಲ್ಲ ಅನ್ನೋದ್ರಿಂದ.

ಅದಕ್ಕೇ ತಾಲೀಮು ರೂಮಿನ ಗೋಡೆಗೆ ಮೊದಲು ಒಂದು ದೊಡ್ಡ ಚಾರ್ಟ್ ಅಂಟಿಸಿ, ಒಂದು ಕಡೆ ಪಾತ್ರಗಳು, ಇನ್ನೊಂದು ಕಡೆ ದೃಶ್ಯಗಳು, ಪ್ರತಿ ಚೌಕದಲ್ಲೂ ಆ ಕ್ಷಣಕ್ಕೆ ಆ ಪಾತ್ರ ಏನು ನಂಬಿದೆ ಅಂತ ಒಂದೇ ಸಾಲು ಬರೀರಿ. ಹಾರ್ಡ್‌ಕ್ಯಾಸಲ್ ಮಗಳು ಕೇಟ್‌ನ ಮದುವೆಗೆ ನೋಡೋಕೆ ಮಾರ್ಲೋ, ಜೊತೆಗೆ ಅವನ ಗೆಳೆಯ ಹೇಸ್ಟಿಂಗ್ಸ್ ಹೊರಟಿರ್ತಾರೆ. ಹಾರ್ಡ್‌ಕ್ಯಾಸಲ್ ಹೆಂಡತಿಯ ಮೊದಲ ಮದುವೆಯ ಮಗ ಟೋನಿ ಲಂಪ್‌ಕಿನ್ ದಾರಿ ತಪ್ಪಿಸಿ ಕಳಿಸಿದ್ದಕ್ಕೆ ಇಬ್ರೂ ಹಾರ್ಡ್‌ಕ್ಯಾಸಲ್ ಮನೇನ ತಂಗೋ ಛತ್ರ ಅಂದ್ಕೊಂಡು ಬರ್ತಾರೆ. ಹೇಸ್ಟಿಂಗ್ಸ್‌ಗೆ ಬೇಗ ನಿಜ ಗೊತ್ತಾಗುತ್ತೆ, ಮಾರ್ಲೋಗೆ ನಾಲ್ಕನೇ ಅಂಕದವರೆಗೂ ಗೊತ್ತಾಗಲ್ಲ. ಹಾರ್ಡ್‌ಕ್ಯಾಸಲ್ ಯುದ್ಧದ ಕಥೆ ಶುರು ಮಾಡ್ತಾರೆ, ಇವರಿಬ್ರೂ ಅದಕ್ಕೆ ಕಿವಿಗೊಡದೆ ತಮ್ಮ ಬಟ್ಟೆ ವಿಚಾರ ಮಾತಾಡ್ತಾ ಇರ್ತಾರೆ. ಇಲ್ಲಿ ಮಾರ್ಲೋ ಸೊಕ್ಕಿನ ಮುಖ ಮಾಡಿದ್ರೆ ದೃಶ್ಯ ಸತ್ತೋಗುತ್ತೆ. ದುಡ್ಡು ಕೊಟ್ಟು ಉಳ್ಕೊಳ್ಳೋ ಗಿರಾಕಿ ಛತ್ರದ ಮಾಲೀಕನ ಹತ್ರ ಹೆಂಗಿರ್ತಾನೋ ಹಂಗೇ ಸಹಜವಾಗಿ ಇದ್ರೆ ಸಾಕು. ಎದುರಿಗಿರೋ ಹಾರ್ಡ್‌ಕ್ಯಾಸಲ್‌ಗೆ ಆಗೋ ನೋವೂ ನಿಜವಾದ ನೋವೇ ಆಗಿರ್ಬೇಕು.

ಇನ್ನು ಕತ್ತರಿ. ಶುರುವಲ್ಲಿರೋ, ಹೆಸರಾಂತ ನಟ ಡೇವಿಡ್ ಗ್ಯಾರಿಕ್ ಬರೆದ ಪ್ರೊಲಾಗ್ (ನಾಟಕಕ್ಕೂ ಮುಂಚೆ ಹೇಳೋ ಪದ್ಯ) ಆ ಕಾಲದ ಅಳುಮುಂಜಿ ಕಾಮಿಡಿಗಳ ಮೇಲಿನ ಚುಚ್ಚು, ಈಗಿನ ಪ್ರೇಕ್ಷಕರಿಗೆ ಆ ಜಗಳ ಗೊತ್ತಿಲ್ಲ, ತೆಗೀಬಹುದು. ಲಂಡನ್ ಫ್ಯಾಷನ್ ಜಾಗಗಳ ಹೆಸರುಗಳಲ್ಲಿ ಒಂದೆರಡು ಉಳಿಸಿ ಸಾಕು. ಆದ್ರೆ ಹಾರ್ಡ್‌ಕ್ಯಾಸಲ್ ತಮ್ಮ ಆಳು ಡಿಗರಿಗೆ, ಮಿಕ್ಕ ಕೆಲಸದೋರಿಗೆ ಊಟ ಬಡಿಸೋ ಟ್ರೇನಿಂಗ್ ಕೊಡೋ ದೃಶ್ಯ ಮುಟ್ಬೇಡಿ. ಅದರಲ್ಲಿ ಬರೋ ಗ್ರೌಸ್ ಹಕ್ಕಿ ಕಥೇನ ನಾಟಕದಲ್ಲಿ ಯಾರೂ ಹೇಳೋದೇ ಇಲ್ಲ, ಬರೀ ನೆನಪಿಸ್ಕೊಂಡೇ ಎಲ್ರಿಗೂ ನಗು ಬರುತ್ತೆ. ಕಥೆ ಸೇರಿಸೋಕೆ ಹೋಗ್ಬೇಡಿ, ಪ್ರೇಕ್ಷಕರಿಗೆ ಆ ನಗೂನೇ ಸಾಕು.

ಸ್ವಗತಗಳನ್ನ ಮುಜುಗರ ಪಟ್ಕೊಂಡು ಕಿತ್ತಾಕೋರು ಜಾಸ್ತಿ. ಆಗಿನ ಥಿಯೇಟರಲ್ಲಿ ನಾಟಕ ನಡೀವಾಗ್ಲೂ ಪ್ರೇಕ್ಷಕರ ಕಡೆ ಮೇಣದಬತ್ತಿ ಉರೀತಾನೇ ಇರ್ತಿತ್ತು, ನಟರಿಗೆ ಜನರ ಮುಖ ಕಾಣ್ತಿತ್ತು, ಹಾಗಾಗಿ ಪ್ರೇಕ್ಷಕರ ಹತ್ರ ಪಿಸುಗುಟ್ಟೋದು ಸಹಜವಾಗೇ ಇತ್ತು. ನೀವೂ ಹಾಲ್‌ನಲ್ಲಿ ಸ್ವಲ್ಪ ಬೆಳಕು ಬಿಡಿ, ಒಂದು ಸೀಟಲ್ಲಿರೋ ಒಬ್ಬರನ್ನೇ ನೋಡಿ ಹೇಳೋಕೆ ನಟರಿಗೆ ಹೇಳಿ.

ಅತಿ ಹುಷಾರಾಗಿರ್ಬೇಕಾದ್ದು ಕೇಟ್ ಮತ್ತೆ ಮಾರ್ಲೋ ದೃಶ್ಯಗಳಲ್ಲಿ. ಮಾರ್ಲೋ ದೊಡ್ಡ ಮನೆ ಹೆಣ್ಮಕ್ಕಳ ಮುಖ ಎತ್ತಿ ನೋಡಲ್ಲ, ಅದೇ ಕೆಲಸದ ಹುಡುಗಿ ಅಂದ್ರೆ ಮುತ್ತು ಕೊಡೋಕೆ ಹೋಗ್ತಾನೆ. ಇವತ್ತು ಇದನ್ನ ನೋಡಿ ನಗೋದು ಕಷ್ಟ, ಕಷ್ಟ ಆಗ್ಲೂಬೇಕು. ಕತ್ತರಿಸ್ಬೇಡಿ, ಸಿಹಿ ಮಾಡ್ಲೂಬೇಡಿ. ಕೆಲಸದ ಹುಡುಗಿ ಥರ ನಟಿಸ್ತಿರೋಳೂ ಕೇಟೇ, ನಿಜ ಗೊತ್ತಿರೋಳೂ ಅವಳೇ, ಆಟ ಅವಳದ್ದು, ಹಾಗಾಗಿ ಬಾಗಿಲ ಹತ್ರದ ಜಾಗ ಅವಳಿಗೆ ಕೊಡಿ, ಬೇಕಂದಾಗ ಹೊರಗೆ ಹೋಗೋ ಹಾಗಿರ್ಲಿ. ಮೊದಲ ಭೇಟಿಯಲ್ಲಿ ಅವನು ಅವಳ ಮುಖಾನೇ ನೋಡ್ಲಿಲ್ಲ ಅನ್ನೋದು ಎಲ್ಲರಿಗೂ ಕಾಣ್ಬೇಕು, ಇಲ್ಲಾಂದ್ರೆ ಆಮೇಲೆ ಗುರುತು ಸಿಗದಿರೋದನ್ನ ಯಾರೂ ನಂಬಲ್ಲ. ಅಪ್ಪನ ಜೊತೆ ಆದ ಒಪ್ಪಂದದ ಪ್ರಕಾರ ಸಂಜೆ ಅವಳು ಸಾದಾ ಬಟ್ಟೆ ಹಾಕ್ತಾಳೆ, ಕಾಸ್ಟ್ಯೂಮ್ ಮಾಡೋರು ಆ ವ್ಯತ್ಯಾಸ ದೂರಕ್ಕೂ ಕಾಣೋ ಹಾಗೆ ಮಾಡ್ಲಿ. ನಿಜ ಗೊತ್ತಾದಾಗ ಮಾರ್ಲೋ ಹೆದರೋದು ಊರಿನ ಅಂಗಡಿಗಳಲ್ಲೆಲ್ಲ ತನ್ನ ವ್ಯಂಗ್ಯಚಿತ್ರ ನೇತಾಕ್ತಾರೆ ಅಂತ, ಮೀಮ್ ನೋಡಿರೋರಿಗೆ ಇದನ್ನ ಬದಲಾಯಿಸಿ ಹೇಳೋದೇ ಬೇಡ.

ಇಂಟರ್ವೆಲ್ ಮೂರನೇ ಅಂಕದ ಕೊನೆಗೆ ಬಿಡಿ. ಅಲ್ಲಿ ಕೇಟ್, ಮಾರ್ಲೋ ಒಳ್ಳೆಯವನು ಅಂತ ತೋರಿಸೋಕೆ ಅಪ್ಪನ ಹತ್ರ ಟೈಮ್ ಕೇಳ್ತಾಳೆ, ಅಪ್ಪ ಒಂದು ಗಂಟೆ ಅಂತ ಒಪ್ತಾರೆ, ಜನ ಕಾಫಿ ಕುಡಿಯೋವಾಗ್ಲೂ ಆ ಗಂಟೆ ತಲೇಲಿ ಓಡ್ತಿರುತ್ತೆ.

ಐದನೇ ಅಂಕದ ತೋಟದ ದೃಶ್ಯಕ್ಕೆ ಪೂರ್ತಿ ಕತ್ತಲೆ ಮಾಡ್ಬೇಡಿ. ಮಿಸೆಸ್ ಹಾರ್ಡ್‌ಕ್ಯಾಸಲ್, ಟೋನಿ ಸುತ್ತಾಡಿಸಿ ತಂದಿದ್ದು ತಮ್ಮ ಮನೆ ತೋಟಕ್ಕೇ ಅಂತ ಗೊತ್ತಿಲ್ಲದೆ, ಮನೆಯಿಂದ ನಲವತ್ತು ಮೈಲಿ ದೂರದಲ್ಲಿ ದರೋಡೆಕೋರ ಸಿಕ್ಕ ಅಂತ ಗಡಗಡ ನಡುಗ್ತಾ ಗಂಡನ ಮುಂದೇನೇ ಮಂಡಿಯೂರ್ತಾರೆ, ಆ ಮುಖ ನಮಗೆ ಕಾಣ್ಬೇಕು. ಕತ್ತಲು ನಟರ ಕೈಕಾಲಲ್ಲಿ ಬರ್ಲಿ, ತಾಲೀಮಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ ನಡೆಸಿ ಅಭ್ಯಾಸ ಮಾಡ್ಸಿ, ಆಮೇಲೆ ಲೈಟಿನೋರನ್ನ ಕೂರಿಸ್ಕೊಂಡು ಎಷ್ಟು ಬೆಳಕು ಬೇಕು ಅಂತ ನೋಡಿ.