ಮನೆಯ ಟ್ರೇಡಿಂಗ್ ಮೇಜಿಗೆ ಇಂಟರ್ನೆಟ್: ನಾನು ಜೋಡಿಸಿಕೊಂಡ ಬಗೆ

ಟ್ರೇಡಿಂಗ್‌ಗೆ ಇಂಟರ್ನೆಟ್ ಅಂದ ಕೂಡಲೇ ಎಲ್ಲರೂ ಕೇಳುವುದು ಎಷ್ಟು ಎಂಬಿಪಿಎಸ್ ಅಂತ. ದರ, ಚಾರ್ಟು, ಆರ್ಡರು ಎಲ್ಲ ಸೇರಿದರೂ 5 ಎಂಬಿಪಿಎಸ್ ದಾಟುವುದು ಅಪರೂಪ. ನಾನು ಲೆಕ್ಕಕ್ಕಿಡುವುದು ಮೂರನ್ನೇ: ಪಿಂಗ್ (ಸಣ್ಣ ಸಂದೇಶ ಹೋಗಿ ಉತ್ತರ ಬರಲು ಹಿಡಿಯುವ ಸಮಯ), ಅದರ ಏರಿಳಿತ, ಪ್ಯಾಕೆಟ್ ನಷ್ಟ (ದಾರಿಯಲ್ಲಿ ಕಳೆದುಹೋಗುವ ಡೇಟಾ ತುಣುಕುಗಳು).

ಮಾರುಕಟ್ಟೆ ತೆರೆಯುವ ಹೊತ್ತಿಗೆ 1000 ಪಿಂಗ್ ಕಳಿಸಿ ನೋಡಿದೆ. ಮೊದಲು ರೂಟರಿಗೆ, ಆಮೇಲೆ ಹೊರಗಿನ ವಿಳಾಸಕ್ಕೆ. ರೂಟರಿಗೇ ಪ್ಯಾಕೆಟ್ ಕಳೆಯುತ್ತಿದ್ದರೆ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ ಫಲವಿಲ್ಲ, ತೊಂದರೆ ಮನೆಯೊಳಗಿದೆ. ಬಹುಪಾಲು ಅದು ವೈಫೈ. ಕ್ಯಾಟ್ 6 ಕೇಬಲ್ ಎಳೆದರೆ ಆ ಮಾತು ಮುಗಿಯಿತು. ಗಿಗಾಬಿಟ್ (1000 ಎಂಬಿಪಿಎಸ್) ಪೋರ್ಟು 100 ಎಂದು ತೋರಿಸಿದರೆ 8 ತಂತಿಗಳಲ್ಲಿ ಯಾವುದೋ ಒಂದು ಸರಿಯಾಗಿ ಕೂತಿಲ್ಲ; ತುದಿ ಕತ್ತರಿಸಿ ಹೊಸ ಕನೆಕ್ಟರ್ ಒತ್ತಿ ಕೂರಿಸಬೇಕು (ಕ್ರಿಂಪ್).

ಹೆಚ್ಚು ಕಾಡುವುದು ಅಪ್‌ಲೋಡ್. ಯಾರದೋ ಫೋನು ಫೋಟೋ ಬ್ಯಾಕಪ್ ಶುರುಮಾಡಿತು ಅಂದರೆ 15 ಮಿಲಿಸೆಕೆಂಡಿನ ಪಿಂಗ್ 300 ದಾಟಬಹುದು. ಲೈನ್ ತುಂಬಿ, ಪ್ಯಾಕೆಟ್‌ಗಳು ಮೋಡೆಮ್‌ನೊಳಗೆ ಸಾಲುಗಟ್ಟಿ ನಿಲ್ಲುತ್ತವೆ. ನಿಮ್ಮ ಆರ್ಡರೂ ಆ ಸಾಲಿನ ಕೊನೆಗೆ. ಮದ್ದು ಎಸ್‌ಕ್ಯೂಎಂ, ಅಂದರೆ ಸಾಲು ಬೆಳೆಯದಂತೆ ರೂಟರೇ ದಟ್ಟಣೆ ಹಿಡಿದಿಡುವ ವ್ಯವಸ್ಥೆ. ಓಪನ್‌ಡಬ್ಲ್ಯೂಆರ್‌ಟಿ (ರೂಟರಿನ ಮುಕ್ತ ತಂತ್ರಾಂಶ) ಹಾಕಿದ ರೂಟರಿನಲ್ಲಿ ಎಸ್‌ಕ್ಯೂಎಂನ 'ಕೇಕ್' ಎಂಬ ವಿಧಾನ ಆರಿಸಿ, ಅಳೆದ ವೇಗದ 90 ಶೇಕಡಾ ಮಿತಿ ಕೊಟ್ಟೆ: 40 ಬರುತ್ತಿದ್ದರೆ 36. ಲೈನ್ ತುಂಬಿದಾಗಲೂ ಪಿಂಗ್ ಏರದವರೆಗೆ ಇಳಿಸುತ್ತ ಹೋಗಬೇಕು. ಹಾರ್ಡ್‌ವೇರ್ ಆಫ್‌ಲೋಡಿಂಗ್ (ಪ್ಯಾಕೆಟ್‌ಗಳನ್ನು ತಂತ್ರಾಂಶ ಬಿಟ್ಟು ಚಿಪ್ಪೇ ದಾಟಿಸುವುದು) ಆನ್ ಆಗಿದ್ದರೆ ಇದು ಕೆಲಸ ಮಾಡದು, ಆಫ್ ಮಾಡಿ. ವೇಗ ಸ್ವಲ್ಪ ಹೋಯಿತಲ್ಲ ಅನ್ನುವವರಿಗೆ ಇದು ಒಗ್ಗುವುದಿಲ್ಲ.

ಎರಡನೆಯ ಲೈನಿಗೆ 4ಜಿ ಸಿಮ್ ರೂಟರ್. ಇನ್ನೊಂದು ಫೈಬರ್ ತಗೊಂಡರೆ ಎರಡೂ ಒಂದೇ ಕಂಬದ ಮೇಲೆ ಬಂದು ಒಟ್ಟಿಗೇ ತುಂಡಾಗುವ ಸಂಭವವಿದೆ. ರೂಟರು ಎರಡು ಬೇರೆ ವಿಳಾಸಗಳಿಗೆ 5 ಸೆಕೆಂಡಿಗೊಮ್ಮೆ ಪಿಂಗ್ ಕಳಿಸುತ್ತದೆ. ಎರಡೂ ಸತತ 3 ಸಲ ತಪ್ಪಿದರೆ ಮಾತ್ರ 4ಜಿ ಲೈನಿಗೆ ಬದಲಾವಣೆ. ಒಂದೇ ವಿಳಾಸ ಕೊಟ್ಟರೆ ಆ ಸರ್ವರ್ ಮಲಗಿದಾಗಲೂ ಲೈನ್ ಜಿಗಿಯುತ್ತದೆ.

ಬದಲಾದಾಗ ಹೊರಗಿನ ಐಪಿ ಬೇರೆಯಾಗುವುದರಿಂದ ತೆರೆದಿದ್ದ ಸಂಪರ್ಕಗಳೆಲ್ಲ ಕಡಿಯುತ್ತವೆ, ಮತ್ತೆ ಲಾಗಿನ್ ಕೇಳಲೂಬಹುದು. ಅದಕ್ಕೇ ಸ್ಟಾಪ್‌ಲಾಸ್ (ನಷ್ಟ ಗೊತ್ತುಮಾಡಿದ ಮಟ್ಟ ಮುಟ್ಟಿದಾಗ ತಾನೇ ಹೊರಬರುವ ಆರ್ಡರು) ಬ್ರೋಕರ್ ಸರ್ವರಿನಲ್ಲೇ ಕೂತಿರಬೇಕು, ನಮ್ಮ ಕಂಪ್ಯೂಟರಿನಲ್ಲಲ್ಲ. ಮರಳಿ ಬಂದ ಮೇಲೆ ಮೊದಲು ಆರ್ಡರ್ ಬುಕ್ (ನಾವು ಕೊಟ್ಟ ಆರ್ಡರುಗಳ ಪಟ್ಟಿ) ನೋಡುವುದು. ಆರ್ಡರು ತಲುಪಿ ಉತ್ತರ ಮಾತ್ರ ದಾರಿಯಲ್ಲಿ ಕಳೆದಿರಬಹುದು. ಅವಸರದಲ್ಲಿ ಮತ್ತೆ ಒತ್ತಿದರೆ ಖರೀದಿ ಎರಡು ಪಟ್ಟು.

ಕರೆಂಟು ಹೋದಾಗ ಲ್ಯಾಪ್‌ಟಾಪ್ ಬದುಕುತ್ತದೆ, ರೂಟರ್ ಸಾಯುತ್ತದೆ. ಓಎನ್‌ಟಿ (ಫೈಬರ್ ಬಂದು ಸೇರುವ ಪೆಟ್ಟಿಗೆ), ರೂಟರ್ ಸೇರಿ 15 ವ್ಯಾಟ್ ಎಂದಿಟ್ಟುಕೊಂಡರೆ 3 ತಾಸಿಗೆ 45 ವ್ಯಾಟ್-ಅವರ್. ನಷ್ಟ ಸೇರಿಸಿ 60 ಇರಲಿ. ಮಿನಿ ಯುಪಿಎಸ್ ಮೇಲಿನ 10,000 ಎಂಎಎಚ್ ಸಾಮಾನ್ಯವಾಗಿ 3.7 ವೋಲ್ಟಿನ ಲೆಕ್ಕ, ಅಂದರೆ 37 ವ್ಯಾಟ್-ಅವರ್ ಅಷ್ಟೇ. 4ಜಿ ರೂಟರನ್ನೂ ಇದಕ್ಕೇ ಜೋಡಿಸುವುದಾದರೆ ಅದರ ವ್ಯಾಟನ್ನೂ ಕೂಡಿಸಿ.

ಲೈನ್ ತಾನಾಗಿ ಬದಲಾಗುತ್ತದೋ ಎಂಬ ಪರೀಕ್ಷೆ ಮಾರುಕಟ್ಟೆಗೆ ರಜೆಯಿದ್ದ ದಿನ. ರೂಟರಿನ ಕೇಬಲ್ ಕೀಳಬೇಡಿ. ಪೋರ್ಟು ಸತ್ತದ್ದು ರೂಟರಿಗೆ ಆ ಕ್ಷಣವೇ ಗೊತ್ತಾಗುತ್ತದೆ, ಪಿಂಗ್ ಲೆಕ್ಕದ ಪರೀಕ್ಷೆ ಆಗುವುದಿಲ್ಲ. ಓಎನ್‌ಟಿಗೆ ಬರುವ ಫೈಬರ್ ತುದಿಯನ್ನೇ ತೆಗೆಯಿರಿ (ಅದರೊಳಗೆ ಕಣ್ಣಿಟ್ಟು ನೋಡಬೇಡಿ, ತುದಿಗೆ ಧೂಳು ತಾಗದಿರಲಿ). ಲೈನ್ ಹೋಗುವುದು ಸಾಮಾನ್ಯವಾಗಿ ಹೀಗೆಯೇ: ಪೋರ್ಟಿನ ದೀಪ ಹಸಿರಾಗಿಯೇ ಇರುತ್ತದೆ, ಆಚೆ ಏನೂ ಇರುವುದಿಲ್ಲ.